ಹೊಕ್ಕುಳಿಂದ ಎಡಕ್ಕೆ ಇಳಿದ ನೋವು: ಒಂದು ಅಪೆಂಡಿಸೈಟಿಸ್ ಪ್ರಕರಣ

ಬುಧವಾರ ಸಂಜೆ ನಾಲ್ಕರ ಸುಮಾರಿಗೆ ನಮ್ಮ ಆಸ್ಪತ್ರೆಯ ತುರ್ತು ವಿಭಾಗದ ಮುಂದೆ ಒಂದು ಆಟೋ ಬಂದು ನಿಂತಿತು. ಅದರಿಂದ ಇಳಿದವರು 36 ವರ್ಷದ ಗಂಡಸು, ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವರು. ಬಲಗಾಲನ್ನು ಮೊದಲು ನೆಲಕ್ಕೆ ಊರಿ, ಎಡಗಾಲನ್ನು ಕೈಯಲ್ಲೇ ಎತ್ತಿ ಕೆಳಗಿಟ್ಟರು. ಬೆನ್ನು ಬಾಗಿತ್ತು. ಮಂಚದ ಮೇಲೆ ಮಲಗಿಸಿದ ನಂತರ ಎರಡೂ ಮಂಡಿಗಳನ್ನು ಮೇಲಕ್ಕೆ ಮಡಿಚಿಕೊಂಡು, ಚಾವಣಿ ನೋಡುತ್ತ ಅಲುಗಾಡದೆ ಮಲಗಿಬಿಟ್ಟರು. ಅವರ ಕೈಯಲ್ಲಿದ್ದ ಹಿಂದಿನ ದಿನದ ಚೀಟಿಯಲ್ಲಿ 'ಎಡ ಮೂತ್ರಪಿಂಡದ ಕಲ್ಲು' ಎಂದು ಬರೆದಿತ್ತು.

ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಅವರಿಗೆ ಇದ್ದದ್ದು ಅಪೆಂಡಿಸೈಟಿಸ್, ಅಂದರೆ ದೊಡ್ಡ ಕರುಳಿನ ಆರಂಭದಲ್ಲಿ ಬಾಲದಂತೆ ಅಂಟಿಕೊಂಡಿರುವ ಅಪೆಂಡಿಕ್ಸ್‌ನ ಉರಿಯೂತ. ಅಪೆಂಡಿಕ್ಸ್ ಸಾಮಾನ್ಯವಾಗಿ ಇರುವುದು ಬಲ ಕೆಳಹೊಟ್ಟೆಯಲ್ಲಿ, ಇವರ ನೋವು ಎಡಕ್ಕಿತ್ತು. ಅದನ್ನು ಗುರುತಿಸಲು ಆರಂಭದಿಂದ 48 ಗಂಟೆ ಹಿಡಿಯಿತು. ಅದರಲ್ಲಿ ಎರಡೂವರೆ ಗಂಟೆ ನನ್ನ ಲೆಕ್ಕಕ್ಕೆ ಸೇರಬೇಕಾದದ್ದು.

ಚೀಟಿಯಲ್ಲಿ ಇದ್ದದ್ದು

ಮಂಗಳವಾರ ಬೆಳಿಗ್ಗೆ ಅವರು ಪಟ್ಟಣದ ಒಂದು ಕ್ಲಿನಿಕ್ಕಿಗೆ ಹೋಗಿದ್ದರು. ಹೊಟ್ಟೆಯ ಎಡ ಕೆಳಭಾಗದಲ್ಲಿ ನೋವು, ಒಮ್ಮೆ ವಾಂತಿ, ಮೂತ್ರ ಪರೀಕ್ಷೆಯಲ್ಲಿ 8ರಿಂದ 10 ಕೆಂಪು ರಕ್ತಕಣ. ಬೇಸಿಗೆಯಲ್ಲಿ ಗಿರಣಿಯ ಧೂಳಿನಲ್ಲಿ ದಿನವಿಡೀ ನಿಂತು, ಸರಿಯಾಗಿ ನೀರು ಕುಡಿಯದ ಮನುಷ್ಯ. ಕಲ್ಲು ಎಂದು ಯಾರಿಗಾದರೂ ಅನಿಸುತ್ತದೆ. ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟರು, ನೋವು ತಗ್ಗಿತು. ತಗ್ಗಿದ್ದರಿಂದಲೇ ಕಲ್ಲು ಎಂಬ ತೀರ್ಮಾನಕ್ಕೆ ಬಲ ಬಂತು. ಆ ವೈದ್ಯರನ್ನು ದೂರುವ ಮನಸ್ಸು ನನಗಿಲ್ಲ, ಏಕೆಂದರೆ ಆ ಹೊತ್ತಿಗೆ ಜ್ವರವೂ ಇರಲಿಲ್ಲ.

ಆದರೆ ಎರಡು ಸಂಗತಿಗಳು ಹೊಂದುತ್ತಿರಲಿಲ್ಲ. ಮೊದಲನೆಯದು ಅವರು ಮಲಗಿದ ರೀತಿ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡವರು ಒಂದೆಡೆ ನಿಲ್ಲುವುದಿಲ್ಲ. ಏಳುತ್ತಾರೆ, ಕೂರುತ್ತಾರೆ, ಗೋಡೆಗೆ ಒರಗುತ್ತಾರೆ, ಮತ್ತೆ ಹೊರಳುತ್ತಾರೆ. ಹೊಟ್ಟೆಯ ಒಳಪೊರೆಗೆ ಉರಿಯೂತ ತಗುಲಿದವರು ಉಸಿರನ್ನೂ ಲೆಕ್ಕ ಹಾಕಿ ಎಳೆದುಕೊಳ್ಳುತ್ತಾರೆ. ಈತ ಎರಡನೆಯ ಬಗೆಯವರು. ಎರಡನೆಯದು ಮೂತ್ರದಲ್ಲಿನ ರಕ್ತಕಣ. ಮೂತ್ರನಾಳಕ್ಕೆ ಅಥವಾ ಮೂತ್ರಕೋಶಕ್ಕೆ ಅಂಟಿಕೊಂಡಂತೆ ಯಾವುದೇ ಉರಿಯೂತವಿದ್ದರೂ ಮೂತ್ರದಲ್ಲಿ ಕೆಲವು ಕಣಗಳು ಕಾಣಿಸಿಕೊಳ್ಳುತ್ತವೆ. ಕಣ ಕಂಡ ಮಾತ್ರಕ್ಕೆ ಕಲ್ಲು ಸಾಬೀತಾಗುವುದಿಲ್ಲ.

ಪರೀಕ್ಷಿಸಿದಾಗ ಜ್ವರ 38.1 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 104. ಎಡ ಕೆಳಹೊಟ್ಟೆ ಮುಟ್ಟಿದರೆ ಬಿಗಿಯಾಗುತ್ತಿತ್ತು. ಒತ್ತಿ ಕೈ ತೆಗೆದಾಗ ನೋವು ಹೆಚ್ಚುತ್ತಿತ್ತು. ಬಲಭಾಗ ಮೃದುವಾಗಿತ್ತು, ಅಲ್ಲಿ ಒತ್ತಿದರೆ ನೋವು ಎಡಕ್ಕೇ ತಾಗುತ್ತದೆ ಎಂದರು. ಬಿಳಿ ರಕ್ತಕಣ 15,400, ಅದರಲ್ಲಿ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಶೇಕಡಾ 84, ಎರಡೂ ಹೆಚ್ಚು. ಕ್ರಿಯಾಟಿನಿನ್ 0.9, ಅಂದರೆ ಮೂತ್ರಪಿಂಡದ ಕೆಲಸ ಸರಿಯಿತ್ತು. ಹೃದಯದ ಬಡಿತ ಎಡಗಡೆಯೇ ಇತ್ತು, ಯಕೃತ್ತು ಬಲಗಡೆಯೇ ಇತ್ತು. ಎದೆಯ ಎಕ್ಸ್‌ರೇಯಲ್ಲಿ ಜಠರದ ಗಾಳಿಗುಳ್ಳೆಯೂ ಎಡ ವಪೆಯ ಕೆಳಗೆ ತನ್ನ ಜಾಗದಲ್ಲೇ ಇತ್ತು. ಅಂದರೆ ಅಂಗಾಂಗಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿರುವ ಸ್ಥಿತಿ ಇದಲ್ಲ. ಅಷ್ಟಕ್ಕೇ ನಾನು ಅಂಗರಚನೆಯ ಪ್ರಶ್ನೆಯನ್ನು ಮನಸ್ಸಿನಿಂದ ತೆಗೆದುಹಾಕಿದೆ. ತಪ್ಪಿದ್ದು ಅಲ್ಲೇ.

ಅಲ್ಟ್ರಾಸೌಂಡ್ ಮಾಡಿದ ಸಹೋದ್ಯೋಗಿ ಎಡ ಮೂತ್ರಪಿಂಡ ಊದಿಲ್ಲ, ಕಲ್ಲಿಲ್ಲ ಎಂದು ಬರೆದರು. ಎಡ ಕೆಳಭಾಗದಲ್ಲಿ ಸ್ವಲ್ಪ ದ್ರವ, ಗೋಡೆ ದಪ್ಪಗಾದ ಕರುಳಿನ ಒಂದು ಭಾಗ, ಗಾಳಿಯ ಅಡ್ಡಿಯಿಂದ ಹೆಚ್ಚೇನೂ ಸ್ಪಷ್ಟವಿಲ್ಲ. ವರದಿಯ ಕೊನೆಯಲ್ಲಿ ಒಂದು ಸಾಲು ಇತ್ತು: 'ಬಲ ಕೆಳಭಾಗದಲ್ಲಿ ಸಣ್ಣ ಕರುಳಿನ ಸುರುಳಿಗಳು ಮಾತ್ರ ಕಾಣುತ್ತಿವೆ.' ನಾನು ಆ ಸಾಲನ್ನು ಓದಿದೆ, ದಾಟಿದೆ. ಕೇಸ್ ಶೀಟಿನಲ್ಲಿ ದೊಡ್ಡ ಕರುಳಿನ ಚೀಲಗಳ ಉರಿಯೂತ, ಅಂದರೆ ಡೈವರ್ಟಿಕ್ಯುಲೈಟಿಸ್ ಇರಬಹುದೆಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆದೆ. ಸೆಫ್ಟ್ರಿಯಾಕ್ಸೋನ್, ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯೋಟಿಕ್‌ಗಳನ್ನು ಆರಂಭಿಸಿ, ಸಿಟಿ ಸ್ಕ್ಯಾನ್ ಬೆಳಿಗ್ಗೆ ಮಾಡಿಸೋಣ ಎಂದು ಸೂಚನೆ ಕೊಟ್ಟೆ. 36ರ ವಯಸ್ಸಿಗೆ ಎಡಗಡೆಯ ಡೈವರ್ಟಿಕ್ಯುಲೈಟಿಸ್ ನಮ್ಮಲ್ಲಿ ಸಾಮಾನ್ಯವಲ್ಲ ಎಂಬುದು ಗೊತ್ತಿದ್ದೂ ಬರೆದೆ. ಎಡ ಕೆಳಹೊಟ್ಟೆ ಎಂದೊಡನೆ ಕೈ ತಾನಾಗಿ ಬರೆಯುವ ಹೆಸರು ಅದು.

ಬಟ್ಟಿಯ ಕಥೆ

ಆರೂವರೆಗೆ ವಾರ್ಡಿನ ಹೊರಗೆ ಅವರ ತಾಯಿ ನನ್ನನ್ನು ತಡೆದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಬೈಯುವುದಿಲ್ಲ ಎಂದರೆ ಒಂದು ಮಾತು ಹೇಳುತ್ತೇನೆ" ಎಂದರು. ಸೋಮವಾರ ಸಂಜೆ ಮಗನಿಗೆ ಹೊಕ್ಕುಳ ಸುತ್ತ ನೋವು ಬಂದಿತ್ತಂತೆ. ಊಟ ಬೇಡವೆಂದನಂತೆ. ಭಾರದ ಚೀಲ ಎತ್ತಿದ್ದಕ್ಕೆ ಬಟ್ಟಿ, ಅಂದರೆ ಹೊಕ್ಕುಳಲ್ಲಿ ಇರುತ್ತದೆಂದು ಜನ ನಂಬುವ ನಾಡಿ, ಜಾರಿದೆ ಎಂದುಕೊಂಡು, ಓಣಿಯ ಹಿರಿಯರೊಬ್ಬರನ್ನು ಕರೆಸಿ ಹರಳೆಣ್ಣೆ ಹಚ್ಚಿ ಹೊಕ್ಕುಳ ಸುತ್ತ ತಿಕ್ಕಿಸಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಹೊಕ್ಕುಳ ನೋವು ಹೋಯಿತು, ಎಡಗಡೆ ಕೆಳಗೆ ಹಿಡಿದುಕೊಂಡಿತು. "ನಾವು ತಿಕ್ಕಿಸಿದ್ದಕ್ಕೇ ಹೀಗಾಯಿತೇನೋ ಎಂದು ಅವನು ಯಾರ ಹತ್ತಿರವೂ ಹೇಳಿಲ್ಲ."

ಮಗ ಕ್ಲಿನಿಕ್ಕಿನಲ್ಲಿ ಹೇಳಿರಲಿಲ್ಲ. ನನ್ನ ಹತ್ತಿರವೂ ಹೇಳಿರಲಿಲ್ಲ. ನೋವು ಎಲ್ಲಿದೆ ಎಂದು ನಾನು ಕೇಳಿದ್ದೆ, ಎಲ್ಲಿ ಶುರುವಾಯಿತು ಎಂದು ಕೇಳಿರಲಿಲ್ಲ. ಕೇಳಿದ್ದರೂ ಹೇಳುತ್ತಿದ್ದರೋ ಇಲ್ಲವೋ. ಬಟ್ಟಿ ತಿಕ್ಕಿಸಿದ್ದೇವೆ ಎಂದರೆ ವೈದ್ಯರು ಗದರುತ್ತಾರೆ ಎಂಬುದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಉರಿಯೂತವಿರುವ ಹೊಟ್ಟೆಯನ್ನು ತಿಕ್ಕುವುದು ಅಪಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಗದರಿ ಗದರಿ ಮುಚ್ಚಿಸಿದ ಆ ಕಥೆಯೊಳಗೆ ರೋಗಪತ್ತೆಗೆ ಬೇಕಾದ ಅತಿ ಮುಖ್ಯ ಸಂಗತಿ ಇತ್ತು: ನೋವು ಹೊಕ್ಕುಳಲ್ಲಿ ಹುಟ್ಟಿತು, ಹಸಿವು ಹೋಯಿತು, ಸುಮಾರು ಎಂಟು ಒಂಬತ್ತು ಗಂಟೆಯ ನಂತರ ಬೇರೆಡೆಗೆ ಸರಿಯಿತು.

ಅಪೆಂಡಿಸೈಟಿಸ್ ನೋವಿನ ನಡೆ ಇದೇ. ಅಪೆಂಡಿಕ್ಸ್‌ನ ಒಳಗೆ ಒತ್ತಡ ಏರಿ ಅದು ಉಬ್ಬಿದಾಗ ಸುದ್ದಿ ಹೋಗುವುದು ಬೆನ್ನುಹುರಿಯ ಹತ್ತನೆಯ ಎದೆಭಾಗದ ಮಟ್ಟಕ್ಕೆ. ಹೊಕ್ಕುಳ ಸುತ್ತಲ ಚರ್ಮದ ಸುದ್ದಿಯೂ ಅಲ್ಲಿಗೇ ಬರುತ್ತದೆ, ಹಾಗಾಗಿ ಮಿದುಳು ಹೊಕ್ಕುಳು ನೋಯುತ್ತಿದೆ ಎಂದುಕೊಳ್ಳುತ್ತದೆ. ಈ ನರದ ದಾರಿಗೆ ಎಡ ಬಲದ ಭೇದವಿಲ್ಲ. ಅಪೆಂಡಿಕ್ಸ್ ಹೊಟ್ಟೆಯ ಯಾವ ಮೂಲೆಯಲ್ಲಿ ಕುಳಿತಿದ್ದರೂ ಮೊದಲ ನೋವು ನಡುವೆಯೇ ಬರುತ್ತದೆ. ಉರಿಯೂತ ಹೊರಗೋಡೆಯನ್ನು ದಾಟಿ ಹೊಟ್ಟೆಯ ಒಳಪೊರೆಗೆ ತಾಗಿದಾಗ ಮಾತ್ರ ನೋವಿಗೆ ನಿಖರವಾದ ಜಾಗ ಸಿಗುತ್ತದೆ. ಆ ಜಾಗ ಅಪೆಂಡಿಕ್ಸ್ ಎಲ್ಲಿದೆ ಎಂಬುದನ್ನಷ್ಟೇ ಹೇಳುತ್ತದೆ. ನಾವು ಅದನ್ನು ರೋಗದ ಹೆಸರೆಂದು ಓದುವ ರೂಢಿ ಬೆಳೆಸಿಕೊಂಡಿದ್ದೇವೆ.

ಕುಳಿತು ಅಂಕ ಹಾಕಿದೆ. 1986ರಲ್ಲಿ ಅಲ್ವರಾಡೊ ರೂಪಿಸಿದ, ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುವ ಹತ್ತು ಅಂಕಗಳ ಪಟ್ಟಿ. ನೋವು ಸರಿದದ್ದಕ್ಕೆ 1, ಹಸಿವಿಲ್ಲದ್ದಕ್ಕೆ 1, ವಾಂತಿಗೆ 1, ಕೈ ತೆಗೆದಾಗ ಹೆಚ್ಚುವ ನೋವಿಗೆ 1, ಜ್ವರಕ್ಕೆ 1, ಬಿಳಿ ರಕ್ತಕಣಕ್ಕೆ 2, ನ್ಯೂಟ್ರೋಫಿಲ್ ಹೆಚ್ಚಳಕ್ಕೆ 1. ಬಲ ಕೆಳಹೊಟ್ಟೆಯ ಒತ್ತುನೋವಿಗೆ ಇರುವ 2 ಅಂಕ ಇವರಿಗೆ ಸಿಗುವುದಿಲ್ಲ. ಒಟ್ಟು 8. ಬಲಭಾಗದಲ್ಲಿ ಏನೂ ಇಲ್ಲದೆಯೇ ಹತ್ತಕ್ಕೆ ಎಂಟು! ಆ ಸಂಖ್ಯೆಯನ್ನು ನೋಡುತ್ತ ಎಷ್ಟು ಹೊತ್ತು ಕುಳಿತಿದ್ದೆನೋ. ನೋವು ಎಡಕ್ಕಿದೆ ಎಂಬ ಒಂದೇ ಕಾರಣಕ್ಕೆ ಈ ಪಟ್ಟಿಯನ್ನು ತೆರೆದೇ ನೋಡಿರಲಿಲ್ಲ.

ತಾಯಿ ಇನ್ನೊಂದು ಮಾತನ್ನೂ ಹೇಳಿದರು. ಆಟೋದಲ್ಲಿ ಬರುವಾಗ ರಸ್ತೆಯ ಪ್ರತಿ ಹಂಪಿಗೂ ಮಗ ಅವರ ಮಣಿಕಟ್ಟನ್ನು ಹಿಂಡಿದ್ದರಂತೆ. ಚರ್ಮದ ಮೇಲೆ ಬೆರಳಿನ ಗುರುತು ಇನ್ನೂ ಇತ್ತು. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು ಇದನ್ನೇ ಅಳೆದಿತ್ತು. ಅಪೆಂಡಿಸೈಟಿಸ್ ಖಚಿತವಾದ 34 ಜನರಲ್ಲಿ 33 ಜನ, ಆಸ್ಪತ್ರೆಗೆ ಬರುವಾಗ ರಸ್ತೆ ಉಬ್ಬುಗಳ ಮೇಲೆ ನೋವು ಹೆಚ್ಚಿತ್ತು ಎಂದಿದ್ದರು. ಬೇರೆ ಕಾಯಿಲೆಗಳಲ್ಲೂ ಹಾಗಾಗಬಹುದು, ಹಂಪಿನ ನೋವೊಂದರಿಂದ ಅಪೆಂಡಿಸೈಟಿಸ್ ಎನ್ನಲಾಗದು. ಆದರೆ ಅದಕ್ಕೂ ಎಡ ಬಲ ಗೊತ್ತಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಬೆಳಿಗ್ಗೆಯವರೆಗೆ ಕಾಯುವ ಸೂಚನೆಯನ್ನು ಹೊಡೆದುಹಾಕಿ ಅವರನ್ನು ಆಗಲೇ ಸ್ಕ್ಯಾನಿಗೆ ಕಳುಹಿಸಿದೆ.

ಮುಕ್ಕಾಲು ಸುತ್ತು

ರೇಡಿಯಾಲಜಿಸ್ಟ್ ಪರದೆಯ ಮೇಲೆ ಚಿತ್ರಗಳನ್ನು ಮೇಲಿನಿಂದ ಕೆಳಕ್ಕೆ ಉರುಳಿಸುತ್ತ ಹೋದರು. ಅವರು ಅಪೆಂಡಿಕ್ಸ್ ಹುಡುಕಲು ಹೋಗಲಿಲ್ಲ. ಮೊದಲು ನಿಲ್ಲಿಸಿದ್ದು ಎರಡು ರಕ್ತನಾಳಗಳ ಮೇಲೆ. ಕರುಳಿಗೆ ರಕ್ತ ಕೊಡುವ ಮುಖ್ಯ ಅಪಧಮನಿಯ ಬಲಕ್ಕೆ ಅದರ ಜೊತೆಯ ಅಭಿಧಮನಿ ಇರಬೇಕು. ಇಲ್ಲಿ ಅಭಿಧಮನಿ ಎಡಕ್ಕಿತ್ತು. ಆಮೇಲೆ ಸಣ್ಣ ಕರುಳಿನ ಮೊದಲ ಭಾಗವಾದ ಡುವೊಡಿನಮ್ ಅನ್ನು ಹಿಂಬಾಲಿಸಿದರು. ಅದು ಮಹಾಪಧಮನಿಯ ಮುಂದಿನಿಂದ ಹಾದು ಎಡಕ್ಕೆ ದಾಟಬೇಕಿತ್ತು, ದಾಟದೆ ಬಲಭಾಗದಲ್ಲೇ ಕೆಳಕ್ಕಿಳಿದಿತ್ತು. ಸಣ್ಣ ಕರುಳೆಲ್ಲ ಬಲಕ್ಕೆ, ದೊಡ್ಡ ಕರುಳೆಲ್ಲ ಎಡಕ್ಕೆ. ಅಲ್ಟ್ರಾಸೌಂಡ್ ವರದಿಯ ಆ ಕೊನೆಯ ಸಾಲು ಹೇಳಿದ್ದು ಇದನ್ನೇ. ಸೀಕಮ್, ಅಂದರೆ ದೊಡ್ಡ ಕರುಳು ಶುರುವಾಗುವ ಚೀಲದಂಥ ಭಾಗ, ಎಡ ಸೊಂಟದ ಗುಳಿಯಲ್ಲಿ ಸಿಗ್ಮಾಯ್ಡ್ ಎಂಬ ದೊಡ್ಡ ಕರುಳಿನ ಕೊನೆಯ ಬಾಗಿದ ಭಾಗದ ಪಕ್ಕಕ್ಕೆ ಕುಳಿತಿತ್ತು. ಅದರಿಂದ ಹೊರಟ ಅಪೆಂಡಿಕ್ಸ್ 11 ಮಿಲಿಮೀಟರ್ ದಪ್ಪ, ಬುಡದ ಹತ್ತಿರ ಮಲಗಟ್ಟಿಯ ಒಂದು ಸಣ್ಣ ಹರಳು, ಸುತ್ತಲ ಕೊಬ್ಬು ಮಸುಕು. ಸಾಮಾನ್ಯವಾಗಿ 6 ಮಿಲಿಮೀಟರ್ ದಾಟಿದರೆ ಅನುಮಾನ ಪಡುತ್ತೇವೆ. ರಕ್ತನಾಳಗಳು ಸುಳಿಯಂತೆ ಸುತ್ತಿಕೊಂಡಿರಲಿಲ್ಲ, ಅಂದರೆ ಕರುಳು ಹೊಸೆದುಕೊಂಡಿರಲಿಲ್ಲ. ಅದನ್ನು ಕೇಳಿ ನಿಜಕ್ಕೂ ನಿರಾಳವಾಯಿತು.

ಈ ರಚನೆ ಹೇಗೆ ಬರುತ್ತದೆ ಎಂಬುದನ್ನು ಆ ರಾತ್ರಿಯೇ ರೋಗಿಗೆ ಹೇಳಬೇಕಾಯಿತು, ಏಕೆಂದರೆ ಆಪರೇಷನ್ನಿಗೆ ಒಪ್ಪಿಗೆ ಬೇಕಿತ್ತು. ಗರ್ಭದಲ್ಲಿ 6ನೆಯ ವಾರದ ಹೊತ್ತಿಗೆ ಕರುಳು ಹೊಟ್ಟೆಯಲ್ಲಿ ಹಿಡಿಸದಷ್ಟು ಉದ್ದವಾಗಿ ಹೊಕ್ಕುಳಬಳ್ಳಿಯೊಳಕ್ಕೆ ಚಾಚಿಕೊಳ್ಳುತ್ತದೆ, 10ನೆಯ ವಾರದ ಸುಮಾರಿಗೆ ಒಳಕ್ಕೆ ಮರಳುತ್ತದೆ. ಹೋಗಿಬರುವಷ್ಟರಲ್ಲಿ ಆ ಅಪಧಮನಿಯನ್ನೇ ನಡುವಿಟ್ಟುಕೊಂಡು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ 270 ಡಿಗ್ರಿ ತಿರುಗಬೇಕು. ಅವರಿಗೆ ಬೀಸುವ ಕಲ್ಲಿನ ಲೆಕ್ಕದಲ್ಲಿ ಹೇಳಿದೆ. ನಡುವಿನ ಗೂಟ ಆ ರಕ್ತನಾಳ, ಮೇಲಿನ ಕಲ್ಲು ಕರುಳು. ಮುಕ್ಕಾಲು ಸುತ್ತು ತಿರುಗಬೇಕಿದ್ದ ಕಲ್ಲು ನಿಮ್ಮಲ್ಲಿ ಕಾಲು ಸುತ್ತಿಗೇ ನಿಂತಿದೆ. ಬಲಕ್ಕೆ ಬಂದು ಇಳಿಯಬೇಕಿದ್ದ ಸೀಕಮ್ ಎಡಕ್ಕೇ ಉಳಿದಿದೆ. "ಹಾಗಾದರೆ ಇಷ್ಟು ವರ್ಷ ಹಿಟ್ಟು ಹೇಗೆ ಬಂತು?" ಎಂದು ಕೇಳಿದರು. ನೋವಿನಲ್ಲೂ ಅಷ್ಟು ಸರಿಯಾದ ಪ್ರಶ್ನೆ ಕೇಳಿದ ರೋಗಿಯನ್ನು ನಾನು ಹೆಚ್ಚು ಕಂಡಿಲ್ಲ. ಕರುಳಿನ ಕೆಲಸಕ್ಕೆ ಕೊರತೆಯಾಗಿಲ್ಲ, ಜಾಗವಷ್ಟೇ ಬೇರೆ ಎಂದೆ.

ಈ ಬಗೆಯ ತಿರುವು ತಪ್ಪಿದ ಕರುಳು ಸುಮಾರು 500 ಜನನಗಳಿಗೆ ಒಂದರಂತೆ ಇರುತ್ತದೆ ಎಂಬ ಅಂದಾಜಿದೆ. ತೊಂದರೆ ಕೊಡುವವು ಬಹುಮಟ್ಟಿಗೆ ಹುಟ್ಟಿದ ಮೊದಲ ತಿಂಗಳಲ್ಲೇ ಹಸಿರು ವಾಂತಿಯೊಂದಿಗೆ ಕಾಣಿಸಿಕೊಳ್ಳುತ್ತವೆ. ಉಳಿದವರು ಗೊತ್ತಾಗದೆಯೇ ಬದುಕುತ್ತಾರೆ, ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ತಿಳಿಯುತ್ತದೆ. ಅಪೆಂಡಿಕ್ಸ್ ಎಡಕ್ಕೆ ಬರಲು ಬೇರೆ ದಾರಿಗಳೂ ಇವೆ. ಅಂಗಗಳೆಲ್ಲ ಅದಲುಬದಲಾದವರಲ್ಲಿ ಅದು ಎಡಕ್ಕಿರುತ್ತದೆ, ಆದರೂ ಅವರಲ್ಲಿ ಕೆಲವರಿಗೆ ನೋವು ಬಲಕ್ಕೇ ಅನಿಸುವುದುಂಟು. ಗೋಡೆಗೆ ಅಂಟದೆ ಸಡಿಲವಾಗಿ ಉಳಿದ ಸೀಕಮ್ ಅತ್ತಿತ್ತ ಸರಿಯಬಲ್ಲದು. ಉದ್ದನೆಯ ಅಪೆಂಡಿಕ್ಸ್‌ನ ತುದಿ ನಡುಗೆರೆ ದಾಟಬಹುದು. ಕೆಳಕ್ಕಿಳಿಯದೆ ಯಕೃತ್ತಿನ ಅಡಿಯಲ್ಲೇ ನಿಂತ ಸೀಕಮ್ ಆದರೆ ಪಿತ್ತಕೋಶದ ನೋವಿನ ವೇಷದಲ್ಲಿ ಬರುತ್ತದೆ. ಹೆಂಗಸರಲ್ಲಿ ಎಡ ನೋವೆಂದರೆ ಅಂಡಾಶಯದ ಕಡೆಗೇ ಕಣ್ಣು ಹೋಗುವುದರಿಂದ ಮತ್ತಷ್ಟು ತಡವಾಗುತ್ತದೆ.

ದಾಖಲಾಗಿರುವ ಮೊದಲ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯೇ ಜಾಗ ತಪ್ಪಿದ ಅಪೆಂಡಿಕ್ಸ್‌ಗೆ ನಡೆದದ್ದು ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. 1735ರಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಕ್ಲಾಡಿಯಸ್ ಅಮ್ಯಾಂಡ್ 11 ವರ್ಷದ ಹುಡುಗನ ತೊಡೆಸಂದಿನ ಹರ್ನಿಯಾ ತೆರೆದಾಗ ಅದರೊಳಗೆ ಸಿಕ್ಕದ್ದು, ಪಿನ್ನೊಂದು ಚುಚ್ಚಿ ತೂತಾಗಿದ್ದ ಅಪೆಂಡಿಕ್ಸ್. ಅಪೆಂಡಿಸೈಟಿಸ್ ಇದ್ದಾಗ ಒತ್ತಿದರೆ ಅತಿ ಹೆಚ್ಚು ನೋಯುವ ಬಿಂದುವನ್ನು ಚಾರ್ಲ್ಸ್ ಮೆಕ್‌ಬರ್ನಿ ಬಲ ಕೆಳಹೊಟ್ಟೆಯಲ್ಲಿ ಗುರುತಿಸಿದ್ದು 1889ರಲ್ಲಿ, ಅದಾಗಿ ಒಂದೂವರೆ ಶತಮಾನದ ನಂತರ. ಆ ಬಿಂದು ಅಸಂಖ್ಯ ಜೀವಗಳನ್ನು ಉಳಿಸಿದೆ. ಅದನ್ನು ಕಲಿಸುವಾಗ ಅಮ್ಯಾಂಡ್‌ನ ಹುಡುಗನನ್ನೂ ಜೊತೆಗೇ ಕಲಿಸಬೇಕು ಎಂಬುದು ನನ್ನ ಹಟ.

ಮೇಜಿನ ಮೇಲೆ

ರಾತ್ರಿ ಹನ್ನೊಂದಕ್ಕೆ ಲ್ಯಾಪರೊಸ್ಕೋಪಿ ಆರಂಭಿಸಿದೆವು. ದಿನವೂ ನಾನು ರೋಗಿಯ ಎಡಕ್ಕೆ ನಿಲ್ಲುತ್ತೇನೆ, ಪರದೆ ಬಲಕ್ಕಿರುತ್ತದೆ. ಅಂದು ಪರದೆಯನ್ನು ಎಡಕ್ಕೆ ತಳ್ಳಿ, ನಾನು ಬಲಕ್ಕೆ ಬಂದೆ. ಕ್ಯಾಮೆರಾ ಹೊಕ್ಕುಳಲ್ಲಿ, ಉಳಿದ ಎರಡು ರಂಧ್ರಗಳು ಕೆಳನಡುವಿನಲ್ಲಿ ಮತ್ತು ಬಲಪಕ್ಕದಲ್ಲಿ. ಮೇಜನ್ನು ಬಲಕ್ಕೆ ವಾಲಿಸಿದೆವು. ಸ್ಕ್ಯಾನ್ ಇಲ್ಲದೆ ರೂಢಿಯಂತೆ ಬಲಕ್ಕೆ ಕೊಯ್ದು ತೆರೆದಿದ್ದರೆ ಕೈಗೆ ಸಿಗುತ್ತಿದ್ದದ್ದು ಬರಿಯ ಸಣ್ಣ ಕರುಳು. ಸೀಕಮ್‌ಗಾಗಿ ತಡಕಾಡುತ್ತ ಕೊಯ್ತವನ್ನು ಉದ್ದ ಮಾಡುತ್ತ ಹೋಗಬೇಕಾಗುತ್ತಿತ್ತು.

ಎಡ ಸೊಂಟದ ಗುಳಿಯಲ್ಲಿ ಸುಮಾರು 60 ಮಿಲಿಲೀಟರ್ ಕದಡಿದ ಕೀವು. ಅದನ್ನು ಹೀರಿ ತೆಗೆದ ಮೇಲೆ ಸಿಗ್ಮಾಯ್ಡ್ ಕರುಳನ್ನು ಮೆಲ್ಲಗೆ ಸರಿಸಿದಾಗ ಸೀಕಮ್ ಕಂಡಿತು. ಅದರ ಮೇಲಿನ ಮೂರು ಉದ್ದ ಪಟ್ಟಿಗಳು ಒಂದೆಡೆ ಕೂಡುವಲ್ಲಿ ಅಪೆಂಡಿಕ್ಸ್ ಇರಲೇಬೇಕು. ಎಷ್ಟೇ ತಿರುವು ತಪ್ಪಿದ ಹೊಟ್ಟೆಯಲ್ಲೂ ಆ ಗುರುತು ಕೈಬಿಡುವುದಿಲ್ಲ. 9 ಸೆಂಟಿಮೀಟರ್ ಉದ್ದದ ಅಪೆಂಡಿಕ್ಸ್ ಒಳಕ್ಕೆ ಬಾಗಿ, ಎಡ ಮೂತ್ರನಾಳ ಹಾದುಹೋಗುವ ಜಾಗದ ಮೇಲೆ ಅಂಟಿಕೊಂಡಿತ್ತು. ಮೂತ್ರದ ರಕ್ತಕಣಗಳ ಲೆಕ್ಕ ಅಲ್ಲಿ ತಾಳೆಯಾಯಿತು. ತುದಿ ಕಪ್ಪಗಾಗಿತ್ತು, ಒಡೆದಿರಲಿಲ್ಲ. ಮೂತ್ರನಾಳವನ್ನು ಕಣ್ಣಾರೆ ಕಾಣುವವರೆಗೆ ನಾನು ಏನನ್ನೂ ಕತ್ತರಿಸಲಿಲ್ಲ. ಬಿಡಿಸಿ, ಬುಡಕ್ಕೆ ಗಂಟು ಹಾಕಿ ತೆಗೆದದ್ದು ಇಪ್ಪತ್ತು ನಿಮಿಷದ ಕೆಲಸ.

ಉಳಿದ ಪ್ರಶ್ನೆ ದೊಡ್ಡದಿತ್ತು. ಕರುಳಿನ ತಿರುವನ್ನೂ ಈಗಲೇ ಸರಿಪಡಿಸಬೇಕೆ? ಬಾಸ್ಟನ್ನಿನ ವಿಲಿಯಂ ಲ್ಯಾಡ್ 1936ರಲ್ಲಿ ವಿವರಿಸಿದ ಶಸ್ತ್ರಕ್ರಿಯೆ ಇಂದಿಗೂ ಮಕ್ಕಳಲ್ಲಿ ಬಳಕೆಯಲ್ಲಿದೆ. ಡುವೊಡಿನಮ್ ಮೇಲೆ ಹಾದಿರುವ ಪೊರೆಪಟ್ಟಿಗಳನ್ನು ಬಿಡಿಸಿ, ಕರುಳಿನ ಪೊರೆಯ ಬುಡವನ್ನು ಅಗಲಿಸಿ, ಸಣ್ಣ ಕರುಳನ್ನು ಬಲಕ್ಕೂ ದೊಡ್ಡ ಕರುಳನ್ನು ಎಡಕ್ಕೂ ಇಡುತ್ತಾರೆ. ಜೊತೆಗೆ ಅಪೆಂಡಿಕ್ಸ್ ಅನ್ನೂ ತೆಗೆದುಬಿಡುತ್ತಾರೆ, ಮುಂದೊಂದು ದಿನ ಎಡಗಡೆಯ ಅಪೆಂಡಿಸೈಟಿಸ್ ಯಾರನ್ನೂ ದಾರಿ ತಪ್ಪಿಸದಿರಲಿ ಎಂದು. ತೊಂದರೆಯೇ ಇರದ ವಯಸ್ಕರಿಗೆ ಅದನ್ನು ಮಾಡಬೇಕೇ ಎಂಬುದರಲ್ಲಿ ಶಸ್ತ್ರಚಿಕಿತ್ಸಕರಲ್ಲೇ ಒಮ್ಮತವಿಲ್ಲ. ಇವರ ಕರುಳಿನ ಪೊರೆಯ ಬುಡ ಅಗಲವಾಗಿತ್ತು. ಅದು ಕಿರಿದಾಗಿದ್ದಾಗಲೇ ಕರುಳು ಹೊಸೆದುಕೊಳ್ಳುವ ಭಯ ಹೆಚ್ಚು. ಹೊಟ್ಟೆಯಲ್ಲಿ ಕೀವಿತ್ತು. ಊಟವಾದ ಮೇಲೆ ಬಂದುಹೋಗುವ ನೋವು, ಪಿತ್ತದ ವಾಂತಿ ಇವೆಲ್ಲ 36 ವರ್ಷದಲ್ಲಿ ಒಮ್ಮೆಯೂ ಇರಲಿಲ್ಲವೆಂದು ತಾಯಿಯಿಂದ ಕೇಳಿ ತಿಳಿದಿದ್ದೆ. ಹಾಗಾಗಿ ಕೈ ಹಚ್ಚಲಿಲ್ಲ. ಇಂದಿಗೂ ಆ ತೀರ್ಮಾನ ಸರಿಯೆಂದೇ ನಂಬಿದ್ದೇನೆ.

ಚೇತರಿಕೆಯಲ್ಲಿ ಹೇಳುವಂಥದ್ದೇನೂ ಇಲ್ಲ. ಗುರುವಾರ ಸಂಜೆ ಗಂಜಿ ಕುಡಿದರು, ಭಾನುವಾರ ಮನೆಗೆ ಹೋದರು. ಅಂಗಾಂಶ ಪರೀಕ್ಷೆಯಲ್ಲಿ ಗ್ಯಾಂಗ್ರಿನ್ ಹಂತದ ಅಪೆಂಡಿಸೈಟಿಸ್ ಖಚಿತವಾಯಿತು, ಗಡ್ಡೆಯೇನೂ ಇರಲಿಲ್ಲ.

ಹತ್ತನೆಯ ದಿನ ಹೊಲಿಗೆ ಬಿಚ್ಚಲು ಬಂದಾಗ ತಾಯಿಯೂ ಜೊತೆಗಿದ್ದರು. ಓಣಿಯಲ್ಲಿ ಬಟ್ಟಿ ತಿಕ್ಕುವ ಆ ಹಿರಿಯರಿಗೆ ಏನು ಹೇಳಬೇಕು ಎಂದು ಕೇಳಿದರು. ಹೊಕ್ಕುಳ ನೋವಿನ ಜೊತೆ ಊಟ ಸೇರದಿದ್ದರೆ, ವಾಂತಿಯೋ ಜ್ವರವೋ ಇದ್ದರೆ, ನೋವು ಪಕ್ಕಕ್ಕೆ ಸರಿದರೆ ತಿಕ್ಕದೆ ಕೂಡಲೇ ಆಸ್ಪತ್ರೆಗೆ ಕಳುಹಿಸಲು ಹೇಳಿ, ಬಂದವರನ್ನು ನಾನು ಬೈಯುವುದಿಲ್ಲ ಎಂದೂ ಹೇಳಿ ಎಂದೆ.

ಮಗನಿಗೆ ಒಂದು ಚೀಟಿಯನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಕೊಟ್ಟೆ: 'ಇವರ ಸಣ್ಣ ಕರುಳು ಬಲಕ್ಕಿದೆ, ದೊಡ್ಡ ಕರುಳು ಎಡಕ್ಕಿದೆ, ಇದು ಹುಟ್ಟಿನಿಂದ ಬಂದದ್ದು. ಅಪೆಂಡಿಕ್ಸ್ ತೆಗೆದಿದೆ. ಹಸಿರು ವಾಂತಿ ಅಥವಾ ಒಮ್ಮೆಲೇ ತೀವ್ರ ಹೊಟ್ಟೆನೋವು ಬಂದರೆ ಕರುಳು ಹೊಸೆದುಕೊಂಡಿದೆಯೇ ಎಂದು ತಕ್ಷಣ ಸಿಟಿ ಸ್ಕ್ಯಾನ್ ಮಾಡಿ ನೋಡಿ.' ಕೆಳಗೆ ಕರುಳಿನ ಒಂದು ರೇಖಾಚಿತ್ರ, ಆಪರೇಷನ್ನಿನ ದಿನಾಂಕ. ಅದನ್ನು ಎರಡು ಬಾರಿ ಓದಿದ ಅವರು ಇನ್ನೊಂದು ಪ್ರತಿ ಕೇಳಿದರು, ಒಂದು ಜೇಬಿಗೆ, ಇನ್ನೊಂದು ಗಿರಣಿಯ ಗೋಡೆಗೆ.